ಮುಚ್ಚಿದ ಗಿರಣಿಗೆ ದುಡ್ಡು ಯಾರು ಕೊಡುತ್ತಾರೆ?

ಪ್ರಶ್ನೆ: ಮುಚ್ಚಿ ಒಂಬತ್ತು ವರ್ಷವಾದ ಒಂದು ನೂಲಿನ ಗಿರಣಿಯನ್ನು ಉಳಿಸಬೇಕು ಎಂದು ನಾವು ಹನ್ನೆರಡು ಜನ ಹೊರಟಿದ್ದೇವೆ. ನಮ್ಮಲ್ಲಿ ಅರ್ಧ ಜನ ಅಲ್ಲೇ ದುಡಿದು ನಿವೃತ್ತರಾದವರು. ಬಾಯ್ಲರ್ ಮನೆ, ಚಿಮಣಿ, ಒಂದು ದೊಡ್ಡ ಸ್ಟೀಮ್ ಎಂಜಿನ್ ಇನ್ನೂ ಇವೆ. ಮಾಲೀಕರು ಜಾಗ ಮಾರುವ ಮಾತಾಡುತ್ತಿದ್ದಾರೆ. 'ಗಿರಣಿ ಉಳಿಸಲು ನೆರವು ಕೊಡಿ' ಎಂದು ಹತ್ತಾರು ಸಂಸ್ಥೆಗಳಿಗೆ ಬರೆದೆವು. ಒಬ್ಬರೂ ಉತ್ತರಿಸಲಿಲ್ಲ. ಇಂಥ ಕೆಲಸಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ಮೊದಲು ರಿಪೇರಿ ಮಾಡಿಸಬೇಕೋ, ದಾಖಲೆ ಮಾಡಬೇಕೋ? ಕಡೇ ಪಕ್ಷ ಎಂಜಿನ್ ಒಂದನ್ನಾದರೂ ಕಿತ್ತು ತಂದು ಪಾರ್ಕಿನಲ್ಲಿ ಇಡೋಣ ಎಂದು ಕೆಲವರು ಹೇಳುತ್ತಿದ್ದಾರೆ. ಅದು ಸರಿಯೇ?

ಉತ್ತರ: ನಿಮಗೆ ಉತ್ತರ ಬರದಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅನುದಾನದ ಅರ್ಜಿಗಳನ್ನು ಓದುವ ಸಮಿತಿಗಳಲ್ಲಿ ಕೂತು ಇಂಥ ಪತ್ರಗಳನ್ನು ನಾನೂ ಸಾಕಷ್ಟು ನೋಡಿದ್ದೇನೆ. 'ಗಿರಣಿ ಉಳಿಸಿ' ಎನ್ನುವುದು ಒಂದು ಆಸೆ. ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಎಷ್ಟು ಖರ್ಚಾಗುತ್ತದೆ, ಯಾವುದೂ ಪತ್ರದಲ್ಲಿ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಕಟ್ಟಡ ನಿಮ್ಮದಲ್ಲ. ಬೇರೆಯವರ ಆಸ್ತಿಗೆ ಸೂರು ಹಾಕಿಸಲು ಯಾವ ಟ್ರಸ್ಟ್ ತಾನೇ ಚೆಕ್ ಬರೆದೀತು? ನಾಳೆ ಆ ಜಾಗ ಮಾರಿ ಹೋದರೆ ಅವರ ಹಣ ಹೊಸ ಮಾಲೀಕನಿಗೆ ಬಿಟ್ಟಿ ಉಡುಗೊರೆ ಆಗುತ್ತದೆ, ಅಲ್ವಾ?

ಹಾಗಾಗಿ ನನ್ನ ಸಲಹೆ ಇಷ್ಟು. ಕಟ್ಟಡಕ್ಕೆ ಈಗ ದುಡ್ಡು ಕೇಳಬೇಡಿ. ಗಿರಣಿಯನ್ನು ದಾಖಲೆ ಮಾಡಲು ಕೇಳಿ. ಅದು ಸಣ್ಣ ಮೊತ್ತ. ಒಂದು ವರ್ಷದಲ್ಲಿ ಮುಗಿಯುವ ಕೆಲಸ. ಮಾಲೀಕತ್ವ ಬೇಕಿಲ್ಲ, ಒಳಗೆ ಹೋಗಲು ಅನುಮತಿ ಪತ್ರ ಇದ್ದರೆ ಸಾಕು. ಕೊನೆಗೆ ಗಿರಣಿ ಉಳಿಯದೇ ಹೋದರೂ ಈ ಹಣ ದಂಡವಾಗುವುದಿಲ್ಲ. ಕೊಡುವವರಿಗೆ ಇದಕ್ಕಿಂತ ಕಡಿಮೆ ಅಪಾಯದ ಕೆಲಸ ಇನ್ನೊಂದು ಸಿಗುವುದಿಲ್ಲ. ಮುಂದೆ ದೊಡ್ಡ ಹಣ ಕೇಳುವಾಗ ನಿಮ್ಮ ಕೈಯಲ್ಲಿ ಇರಬೇಕಾದದ್ದೂ ಇದೇ ದಾಖಲೆ.

ಇದು ಬರೀ ಮಾತಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಲಾಸ್ ಎಂಬ ಕಬ್ಬಿಣದ ಕುಲುಮೆಗಳಿವೆ. 1970ರ ದಶಕದ ಆರಂಭದಲ್ಲಿ ಅವು ಆರಿದವು. ಕಂಪನಿ ಜಾಗವನ್ನು ದಾನವಾಗಿ ಕೊಟ್ಟು ಕೈತೊಳೆದುಕೊಂಡಿತು. ದಾನ ಪಡೆದವರಿಗೆ ಆ ತುಕ್ಕಿನ ರಾಶಿಯನ್ನು ಏನು ಮಾಡಬೇಕೋ ತೋಚಲಿಲ್ಲ. ಕೆಡವುವ ಮಾತು ಬಂತು. ಊರವರು ಸಂಘ ಕಟ್ಟಿಕೊಂಡರು. 1976ರಲ್ಲಿ ಒಂದು ತಂಡ ಬಂದು ಕುಲುಮೆಗಳನ್ನು ಅಳೆದು, ನಕ್ಷೆ ಬರೆದು, ಫೋಟೋ ತೆಗೆದು, ಚರಿತ್ರೆ ಬರೆಯಿತು. ಮರುವರ್ಷ, 1977ರಲ್ಲಿ, ಕುಲುಮೆ ಉಳಿಸಲು ಬಾಂಡ್ ಮೂಲಕ 33 ಲಕ್ಷ ಡಾಲರ್ ಸಾಲ ಎತ್ತಬಹುದೇ ಎಂದು ನಗರದ ಮತದಾರರನ್ನು ಕೇಳಲಾಯಿತು. ಅವರು ಹೂಂ ಅಂದರು. 1981ರಲ್ಲಿ ಅದು ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವಾಯಿತು, 1983ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ನಕ್ಷೆಗಳೊಂದೇ ಮತ ತಂದವು ಎಂದು ನಾನು ಹೇಳುತ್ತಿಲ್ಲ. ಊರವರ ಹಟ ಇಲ್ಲದಿದ್ದರೆ ಏನೂ ನಡೆಯುತ್ತಿರಲಿಲ್ಲ. ಆದರೆ ಕ್ರಮ ಗಮನಿಸಿ. ಕಾಗದ ಮೊದಲು ಬಂತು, ದುಡ್ಡು ಆಮೇಲೆ.

ಅಳೆಯಲು ಬಂದ ಆ ತಂಡ ಹಿಸ್ಟಾರಿಕ್ ಅಮೆರಿಕನ್ ಎಂಜಿನಿಯರಿಂಗ್ ರೆಕಾರ್ಡ್, ಚಿಕ್ಕದಾಗಿ ಹೇರ್, ಎಂಬ ಕಾರ್ಯಕ್ರಮದ್ದು. ಇದರ ಹಣದ ಕಥೆ ನಿಮಗೆ ಉಪಯೋಗಕ್ಕೆ ಬರುತ್ತದೆ. ಇದಕ್ಕೊಂದು ಅಣ್ಣ ಇದೆ, ಕಟ್ಟಡಗಳನ್ನು ದಾಖಲಿಸುವ ಕಾರ್ಯಕ್ರಮ. ಅದು ಶುರುವಾದದ್ದು 1933ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ. ಕೆಲಸವಿಲ್ಲದೆ ಕೂತಿದ್ದ ವಾಸ್ತುಶಿಲ್ಪಿಗಳಿಗೆ ಕೂಲಿ ಕೊಟ್ಟು ಹಳೆಯ ಕಟ್ಟಡಗಳ ನಕ್ಷೆ ಬರೆಸಿದರು. ಅಂದರೆ ಆ ಹಣ ಪರಂಪರೆಯ ಹೆಸರಿನಲ್ಲಿ ಬರಲಿಲ್ಲ, ಉದ್ಯೋಗದ ಹೆಸರಿನಲ್ಲಿ ಬಂತು. ಸೇತುವೆ, ಗಿರಣಿ, ಗಣಿಗಳಿಗಾಗಿ ಹೇರ್ ಹುಟ್ಟಿದ್ದು 1969ರಲ್ಲಿ. ರಾಷ್ಟ್ರೀಯ ಉದ್ಯಾನ ಇಲಾಖೆ, ಸಿವಿಲ್ ಎಂಜಿನಿಯರುಗಳ ಸಂಘ, ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಮೂರೂ ಕೈಜೋಡಿಸಿದವು. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳು ಬಂದು ಅಳೆಯುತ್ತಾರೆ. ಅವರಿಗೆ ಸಂಬಳವೂ ಸಿಗುತ್ತದೆ, ಕಲಿಕೆಯೂ ಆಗುತ್ತದೆ. ಹೀಗೆ ದುಡಿಮೆಗೆ ಒಬ್ಬರು, ತಜ್ಞತೆಗೆ ಒಬ್ಬರು, ಕಾಗದ ಕಾಪಾಡಲು ಒಬ್ಬರು ಎಂದು ಹೊಣೆ ಹಂಚಿಹೋಗಿದೆ. ಎಲ್ಲವನ್ನೂ ಒಬ್ಬನೇ ದಾನಿಯಿಂದ ಕೇಳಬೇಡಿ ಎಂದು ನಾನು ಹೇಳುವುದು ಇದನ್ನು ನೋಡಿಯೇ.

ಇನ್ನೊಂದು ದಾರಿಯೂ ಅಲ್ಲಿದೆ. 1966ರ ಅಲ್ಲಿನ ಚಾರಿತ್ರಿಕ ಸಂರಕ್ಷಣಾ ಕಾನೂನಿನ ಪ್ರಕಾರ, ಕೇಂದ್ರದ ಹಣ ಅಥವಾ ಪರವಾನಗಿ ಬಳಸುವ ಯೋಜನೆಯಿಂದ ಹಳೆಯ ಜಾಗಕ್ಕೆ ಧಕ್ಕೆ ಆಗುತ್ತದೆಯೇ ಎಂದು ಮೊದಲೇ ನೋಡಬೇಕು. ಧಕ್ಕೆ ತಪ್ಪಿಸಲು ಆಗದಿದ್ದಾಗ 'ಕೆಡವುವ ಮೊದಲು ದಾಖಲೆ ಮಾಡಿ' ಎಂಬ ಒಪ್ಪಂದ ಆಗುವುದುಂಟು. ಖರ್ಚು ಯೋಜನೆಯ ಲೆಕ್ಕದಲ್ಲೇ ಹೋಗುತ್ತದೆ. ಎಷ್ಟೋ ಹಳೆಯ ಉಕ್ಕಿನ ಸೇತುವೆಗಳ ನಕ್ಷೆ ಇವತ್ತು ಸಿಗುವುದು ಹೀಗೆ. ನಿಮ್ಮಲ್ಲಿ ಅಂಥ ಕಾನೂನು ಇರಲಿ, ಬಿಡಲಿ, ಕೇಳಲು ಅಡ್ಡಿಯಿಲ್ಲ. ಜಾಗ ಮಾರುವ ಮಾಲೀಕರಿಗೂ ಕೊಳ್ಳುವವರಿಗೂ ಇದು ತೀರಾ ಸಣ್ಣ ಖರ್ಚು. ಒಟ್ಟು ವ್ಯವಹಾರದ ಮುಂದೆ ಅದು ಕಣ್ಣಿಗೂ ಕಾಣುವುದಿಲ್ಲ. ಒಳ್ಳೆಯ ಹೆಸರೂ ಬರುತ್ತದೆ. ಜಗಳ ಶುರು ಮಾಡುವ ಮೊದಲು ಈ ಮಾತು ಎತ್ತಿ. ಜಗಳ ಆದ ಮೇಲೆ ಗೇಟಿನ ಬೀಗವೂ ತೆಗೆಯುವುದಿಲ್ಲ.

ಸಣ್ಣ ಅನುದಾನಗಳಿಗೆ ಬೇರೆ ಬಾಗಿಲುಗಳಿವೆ. ಅಮೆರಿಕದ ಸೊಸೈಟಿ ಫಾರ್ ಇಂಡಸ್ಟ್ರಿಯಲ್ ಆರ್ಕಿಯಾಲಜಿ 1971ರಲ್ಲಿ ಶುರುವಾದದ್ದು. ಬ್ರಿಟನ್ನಿನ ಅಸೋಸಿಯೇಷನ್ ಫಾರ್ ಇಂಡಸ್ಟ್ರಿಯಲ್ ಆರ್ಕಿಯಾಲಜಿ 1973ರದ್ದು. ಇವೆರಡೂ ಸದಸ್ಯರ ಚಂದಾದಿಂದ ಬೆಳೆದ ಸಂಘಗಳು, ಎರಡೂ ಅನುದಾನ ಕೊಡುತ್ತವೆ. ಮೊದಲನೆಯದು ದಾಖಲೆ, ಅಧ್ಯಯನಕ್ಕೂ ಕೊಡುತ್ತದೆ. ಎರಡನೆಯದು ಹಳೆಯ ಯಂತ್ರ, ಕಟ್ಟಡಗಳ ದುರಸ್ತಿಗೆ ಹೆಸರಾದದ್ದು. ಮೊತ್ತ ದೊಡ್ಡದಲ್ಲ. ಆದರೆ ಓದುವವರು ಯಂತ್ರ ಬಲ್ಲವರು. ಅವರು ಒಪ್ಪಿದರು ಎಂದರೆ ಮುಂದಿನ ದಾನಿ ನಿಮ್ಮ ಅರ್ಜಿಯನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. ನಿಮ್ಮ ದೇಶದಲ್ಲಿ ಇಂಥ ಸಂಘ ಇದೆಯೇ ಎಂದು ಹುಡುಕಲು ಟಿಕ್ಕಿ ಎಂಬ ಅಂತರರಾಷ್ಟ್ರೀಯ ಸಂಘಟನೆಯಿಂದ ಶುರು ಮಾಡಿ. ಕೈಗಾರಿಕಾ ಪರಂಪರೆಗೆ ಸಂಬಂಧಿಸಿ ಎಲ್ಲರೂ ಉಲ್ಲೇಖಿಸುವ 2003ರ ನಿಜ್ನಿ ತಗಿಲ್ ಸನ್ನದು ಅವರದೇ. ಸಂಘಗಳು ಸಿಗದಿದ್ದರೆ ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪ ಕಾಲೇಜುಗಳನ್ನು ಕೇಳಿ. ಅವರಿಗೆ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಜಾಗ ಬೇಕು, ನಿಮಗೆ ಅಳೆಯುವ ಕೈ ಬೇಕು.

ಈಗ ದಾಖಲೆ ಎಂದರೆ ಏನು ಎಂಬುದಕ್ಕೆ ಬರೋಣ. ಇಲ್ಲೇ ಜಾಸ್ತಿ ಅರ್ಜಿಗಳು ಎಡವುವುದು. 'ಡ್ರೋನ್ ವಿಡಿಯೋ ಮಾಡುತ್ತೇವೆ, ತ್ರೀಡಿ ಸ್ಕ್ಯಾನ್ ಮಾಡುತ್ತೇವೆ' ಎಂದು ಬರೆಯುತ್ತಾರೆ. ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಸುಮ್ನೆ ಸ್ಕ್ಯಾನ್ ಮಾಡಿಟ್ಟರೆ ಗೋಡೆಯ ಆಕಾರ ಸಿಗುತ್ತದೆ, ಗಿರಣಿ ಹೇಗೆ ಓಡುತ್ತಿತ್ತು ಎಂಬುದು ಸಿಗುವುದಿಲ್ಲ. ಜರ್ಮನಿಯ ಬರ್ನ್ಟ್ ಮತ್ತು ಹಿಲ್ಲಾ ಬೆಚರ್ ದಂಪತಿ 1959ರಿಂದ ದಶಕಗಳ ಕಾಲ ನೀರಿನ ಟ್ಯಾಂಕು, ಕುಲುಮೆ, ಗಣಿಯ ಗೋಪುರಗಳ ಫೋಟೋ ತೆಗೆದರು. ಅವುಗಳಲ್ಲಿ ಎಷ್ಟೋ ಇವತ್ತು ನೆಲದ ಮೇಲಿಲ್ಲ, ಫೋಟೋದಲ್ಲಿ ಮಾತ್ರ ಇವೆ. ಅದ್ಭುತ ಕೆಲಸ. ಆದರೆ ಆ ಚಿತ್ರಗಳು ಕುಲುಮೆಗೆ ಗಾಳಿ ಎಲ್ಲಿಂದ ಬಂತು, ಹೊಗೆ ಎಲ್ಲಿಗೆ ಹೋಯಿತು ಎಂದು ಹೇಳುವುದಿಲ್ಲ. ಅದು ಅವರ ಉದ್ದೇಶವೂ ಆಗಿರಲಿಲ್ಲ.

ನಿಮ್ಮ ಗಿರಣಿಯ ನೆಲ ನೋಡಿ. ಯಂತ್ರಗಳನ್ನು ಬಹುಶಃ ಮಾರಿರುತ್ತಾರೆ. ಆದರೂ ನೆಲದಲ್ಲಿ ಬೋಲ್ಟಿನ ತೂತುಗಳಿರುತ್ತವೆ, ಸುತ್ತ ಎಣ್ಣೆ ಹೀರಿ ಕಪ್ಪಾದ ಪಟ್ಟಿ ಇರುತ್ತದೆ. ಆ ತೂತುಗಳ ನಡುವಿನ ಅಳತೆ ಹಿಡಿದರೆ ಒಂದೊಂದು ನೂಲುವ ಯಂತ್ರ ಎಷ್ಟು ಉದ್ದವಿತ್ತು, ಸಾಲಿಗೆ ಎಷ್ಟು ನಿಂತಿದ್ದವು, ಕೆಲಸದವರಿಗೆ ಓಡಾಡಲು ಎಷ್ಟು ಜಾಗ ಉಳಿದಿತ್ತು ಎಲ್ಲವೂ ಗೊತ್ತಾಗುತ್ತದೆ. ಚಾವಣಿ ನೋಡಿ. ಯಂತ್ರಗಳನ್ನು ಓಡಿಸಲು ತಿರುಗುತ್ತಿದ್ದ ಉದ್ದನೆಯ ಕಂಬಿ, ಅಂದರೆ ಶಾಫ್ಟ್, ತೂಗುಹಾಕಿದ್ದ ಕಬ್ಬಿಣದ ಕೈಗಳು ಇನ್ನೂ ಅಲ್ಲೇ ಇರಬಹುದು. ಎಂಜಿನ್ ಮನೆಗೆ ಹೋಗಿ. ಎಂಜಿನ್ನಿನ ಶಕ್ತಿ ಹಗ್ಗಗಳ ಮೂಲಕ ಮಹಡಿಗಳಿಗೆ ಹೋಗುತ್ತಿದ್ದ ಗಿರಣಿಯಾಗಿದ್ದರೆ ದೊಡ್ಡ ಚಕ್ರದ ಅಂಚಿನಲ್ಲಿ ಸಾಲಾಗಿ ತೋಡುಗಳಿರುತ್ತವೆ. ಅವನ್ನು ಎಣಿಸಿ. ಒಂದೊಂದು ತೋಡಿಗೆ ಒಂದೊಂದು ಹಗ್ಗ. ಯಾವ ಮಹಡಿಗೆ ಎಷ್ಟು ಹಗ್ಗ ಹೋಗುತ್ತಿತ್ತು ಎಂದು ತಿಳಿದರೆ ಎಂಜಿನ್ನಿನ ಶಕ್ತಿ ಹೇಗೆ ಹಂಚಿಹೋಗಿತ್ತು ಎಂದು ಗೊತ್ತಾಯಿತು. ಚಕ್ರದ ವ್ಯಾಸ, ಮೇಲಿನ ಪುಲ್ಲಿಯ ವ್ಯಾಸ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಹಾಕುತ್ತಿತ್ತು ಎಂಬ ಲೆಕ್ಕ, ಈ ಮೂರು ಸಿಕ್ಕರೆ ಶಾಫ್ಟಿನ ವೇಗವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ತಯಾರಕರ ಹೆಸರಿನ ಹಿತ್ತಾಳೆ ಫಲಕ ಇದ್ದರೆ ಇವತ್ತೇ ಫೋಟೋ ತೆಗೆಯಿರಿ. ಗುಜರಿ ಕಳ್ಳರ ಕೈಗೆ ಮೊದಲು ಸಿಗುವುದು ಅದೇ.

ಕೆಲಸದ ಕ್ರಮದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಮೊದಲು ಜನ, ಆಮೇಲೆ ಕಾಗದ, ಆಮೇಲೆ ಯಂತ್ರ, ಕೊನೆಗೆ ಕಟ್ಟಡ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಕಟ್ಟಡ ಇನ್ನೂ ಹತ್ತು ವರ್ಷ ನಿಂತೀತು. ಎಂಬತ್ತು ದಾಟಿದ ಫಿಟ್ಟರ್ ಕಾಯಲಾರರು. ನಿಮ್ಮ ಗುಂಪಿನಲ್ಲೇ ಅಲ್ಲಿ ದುಡಿದವರಿದ್ದಾರೆ, ಇದು ಎಲ್ಲರಿಗೂ ಸಿಗುವ ಭಾಗ್ಯವಲ್ಲ. ಅವರನ್ನು ಮನೆಯ ಕುರ್ಚಿಯಲ್ಲಿ ಕೂರಿಸಿ ಸಂದರ್ಶನ ಮಾಡಬೇಡಿ. ಗಿರಣಿಯೊಳಗೆ, ಅವರು ನಿಲ್ಲುತ್ತಿದ್ದ ಜಾಗಕ್ಕೆ ಕರೆದುಕೊಂಡು ಹೋಗಿ ಕೇಳಿ. ಮನೆಯಲ್ಲಿ 'ಕಷ್ಟದ ಕೆಲಸ ಆಗಿತ್ತು' ಎನ್ನುವವರು ಅಲ್ಲಿ ನಿಂತರೆ ಕೈ ಎಲ್ಲಿ ಇಡುತ್ತಿದ್ದೆ, ಯಾವ ಸದ್ದು ಕೇಳಿದರೆ ಬೆಲ್ಟ್ ಜಾರಿದೆ ಎಂದು ಗೊತ್ತಾಗುತ್ತಿತ್ತು, ಬೆರಳು ಕಳೆದುಕೊಂಡವರು ಯಾವ ಯಂತ್ರದಲ್ಲಿ ಎಂದೆಲ್ಲ ತೋರಿಸುತ್ತಾರೆ. ಧ್ವನಿ ಮುದ್ರಿಸಿ, ಅಕ್ಷರಕ್ಕೆ ಇಳಿಸಿ, ಬಳಸಲು ಅವರ ಲಿಖಿತ ಒಪ್ಪಿಗೆ ಪಡೆಯಿರಿ. ಒಪ್ಪಿಗೆ ಇಲ್ಲದ ಮುದ್ರಿಕೆಯನ್ನು ಒಳ್ಳೆಯ ಸಂಗ್ರಹಾಲಯಗಳು ತೆಗೆದುಕೊಳ್ಳುವುದಿಲ್ಲ. ಕಾಗದದ ವಿಷಯಕ್ಕೆ ಬಂದರೆ, ಕೂಲಿ ಪುಸ್ತಕ, ಅಪಘಾತದ ರಿಜಿಸ್ಟರ್, ಯಂತ್ರದ ನಕ್ಷೆಗಳು ಇನ್ನೂ ಯಾವುದೋ ಬೀರುವಿನಲ್ಲಿ ಗೆದ್ದಲು ಹಿಡಿಯುತ್ತಿರಬಹುದು. ಜಾಗ ಮಾರಾಟವಾದ ವಾರವೇ ಅವು ಲಾರಿ ಹತ್ತುತ್ತವೆ.

ಮಾಡಿದ ದಾಖಲೆ ಎಲ್ಲಿ ಇರುತ್ತದೆ ಎಂಬುದನ್ನು ಅರ್ಜಿಯಲ್ಲೇ ಬರೆಯಿರಿ. ಹೇರ್ ತನ್ನ ಫೋಟೋ, ನಕ್ಷೆಗಳು 500 ವರ್ಷ ಬಾಳುವಂತಿರಬೇಕು ಎಂಬ ಮಾನದಂಡ ಇಟ್ಟುಕೊಂಡಿದೆ. ಅದಕ್ಕಾಗಿಯೇ ದೊಡ್ಡ ಫಿಲ್ಮಿನ ಕಪ್ಪುಬಿಳುಪು ಫೋಟೋಗಳನ್ನು ನೆಚ್ಚಿಕೊಂಡಿತು. ನೀವು ಅಷ್ಟು ದೂರ ಹೋಗಬೇಕಿಲ್ಲ. ಆದರೆ ಒಬ್ಬರ ಲ್ಯಾಪ್‌ಟಾಪಿನಲ್ಲಿರುವ ಸ್ಕ್ಯಾನ್ ಫೈಲು ಹತ್ತು ವರ್ಷವೂ ಬಾಳುವುದಿಲ್ಲ. ಆ ಸಾಫ್ಟ್‌ವೇರ್ ಇರುವುದಿಲ್ಲ, ಇಲ್ಲಾ ಆ ಲ್ಯಾಪ್‌ಟಾಪ್ ಇರುವುದಿಲ್ಲ. ಗ್ರಂಥಾಲಯ ಅಥವಾ ಸರ್ಕಾರಿ ದಾಖಲೆ ಸಂಗ್ರಹವೊಂದು 'ನಾವು ಇಟ್ಟುಕೊಳ್ಳುತ್ತೇವೆ' ಎಂದು ಕೊಟ್ಟ ಪತ್ರವನ್ನು ಅರ್ಜಿಗೆ ಲಗತ್ತಿಸಿ. ಮುಖ್ಯ ನಕ್ಷೆಗಳನ್ನು ಒಳ್ಳೆಯ ಕಾಗದದ ಮೇಲೂ ಮುದ್ರಿಸಿಡಿ.

ಬಜೆಟ್ ಬಗ್ಗೆ ಎರಡು ಮಾತು. 'ದಾಖಲೀಕರಣ: ಇಷ್ಟು' ಎಂದು ಒಂದೇ ಸಾಲು ಬರೆದ ಅರ್ಜಿಯನ್ನು ಸಮಿತಿ ಮುಂದೆ ಓದುವುದೇ ಇಲ್ಲ. ಅಳೆಯುವವರ ಕೂಲಿ, ನಕ್ಷೆ ಬರೆಯುವ ಗಂಟೆಗಳು, ಸಂದರ್ಶನ ಅಕ್ಷರಕ್ಕೆ ಇಳಿಸುವುದು, ಕಾಗದಗಳ ಸ್ಕ್ಯಾನ್, ಸಂಗ್ರಹಾಲಯಕ್ಕೆ ಒಪ್ಪಿಸುವ ಖರ್ಚು, ವಿಮೆ, ಹೆಲ್ಮೆಟ್ಟು, ಮಾಸ್ಕು ಎಲ್ಲವೂ ಬೇರೆ ಬೇರೆ ಸಾಲಾಗಿ ಬರಲಿ. ಅಕ್ಷರಕ್ಕೆ ಇಳಿಸುವ ಖರ್ಚನ್ನು ಬಹಳ ಜನ ಮರೆಯುತ್ತಾರೆ. ಒಂದು ಗಂಟೆಯ ಮಾತಿಗೆ ಹಲವು ಗಂಟೆ ಕೂರಬೇಕು. ಇನ್ನು ನಿಮ್ಮ ಪಾಲು. ಎಷ್ಟೋ ಅನುದಾನಗಳು 'ನೀವು ಎಷ್ಟು ಹಾಕುತ್ತೀರಿ' ಎಂದು ಕೇಳುತ್ತವೆ. ಜೇಬಲ್ಲಿ ದುಡ್ಡಿಲ್ಲ ಎಂದು ಹೆದರಬೇಡಿ. ಸ್ವಯಂಸೇವಕರ ಗಂಟೆಗಳನ್ನೂ ಪಾಲು ಎಂದು ಲೆಕ್ಕ ಹಿಡಿಯುವವರಿದ್ದಾರೆ. ಇವತ್ತಿನಿಂದಲೇ ಒಂದು ಹಾಜರಿ ಪುಸ್ತಕ ಇಡಿ. ಯಾರು, ಯಾವ ದಿನ, ಎಷ್ಟು ಹೊತ್ತು, ಏನು ಕೆಲಸ. ಹಿಂದಿನದನ್ನು ನೆನಪಿನಿಂದ ತುಂಬಿದ ಪುಸ್ತಕ ಓದುವವರಿಗೆ ತಕ್ಷಣ ತಿಳಿಯುತ್ತದೆ.

ದಾಖಲೆ ನಡೆಯುವಾಗ ಗಿರಣಿ ಸೋರುತ್ತಿದ್ದರೆ? ಹಳೆಯ ಗಿರಣಿ ಕೆಡುವುದು ಮುಖ್ಯವಾಗಿ ನೀರಿನಿಂದ. ಹೆಂಚು ಜಾರಿ, ಸೂರಿನ ಮಳೆನೀರು ಹರಿಯುವ ದೋಣಿ ಕಟ್ಟಿಕೊಂಡು, ಗೋಡೆಯೊಳಗೆ ನೀರು ಇಳಿದು ತೊಲೆಯ ತುದಿ ಕೊಳೆಯುತ್ತದೆ. ದೋಣಿ ಶುಚಿ ಮಾಡುವುದು, ಒಡೆದ ಕಡೆ ತಗಡು ಹೊದಿಸುವುದು, ಕಿಟಕಿಗೆ ಗಾಳಿಯಾಡುವಂತೆ ಹಲಗೆ ಹೊಡೆಯುವುದು, ಕಾವಲು. ಇಷ್ಟೇ ಮೊದಲ ಹಂತ. ಬಣ್ಣಗಿಣ್ಣ ಈಗ ಬೇಡ. ಇದಕ್ಕೆ ಹೊರಗಿನ ಅನುದಾನ ಸಿಗುವುದು ಕಷ್ಟ, ಮಾಲೀಕರನ್ನೇ ಒಪ್ಪಿಸಬೇಕು. ಒಪ್ಪಿದ ಮಾಲೀಕರು ಇದ್ದಾರೆ. ಜಪಾನಿನ ಟೊಮಿಯೊಕಾ ರೇಷ್ಮೆ ಗಿರಣಿ 1872ರದ್ದು. 1987ರಲ್ಲಿ ಕೆಲಸ ನಿಂತಿತು. ಆಗ ಅದು ಕಟಕುರಾ ಕಂಪನಿಯ ಕೈಯಲ್ಲಿತ್ತು. ಅವರು ಅದನ್ನು ಮಾರಲಿಲ್ಲ, ಬಾಡಿಗೆಗೆ ಕೊಡಲಿಲ್ಲ, ಕೆಡವಲಿಲ್ಲ. ಆದಾಯವಿಲ್ಲದ ಕಟ್ಟಡವನ್ನು ಸ್ವಂತ ಖರ್ಚಿನಲ್ಲಿ 18 ವರ್ಷ ನೋಡಿಕೊಂಡು 2005ರಲ್ಲಿ ನಗರಕ್ಕೆ ಒಪ್ಪಿಸಿದರು. 2014ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆ 18 ವರ್ಷಗಳ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಪಟ್ಟಿ ಸೇರಿದ ದಿನದ ಬಗ್ಗೆ ಮಾತಾಡುತ್ತಾರೆ.

ಕಾವಲು ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡಲು ಚಿಲಿಯ ಅಟಕಾಮಾ ಮರುಭೂಮಿಗೆ ಹೋಗಬೇಕು. ಹಂಬರ್‌ಸ್ಟೋನ್ ಮತ್ತು ಸಾಂತಾ ಲೌರಾ ಎಂಬ ಎರಡು ಕಾರ್ಖಾನೆ ಊರುಗಳು, ಗೊಬ್ಬರಕ್ಕೆ ಬಳಸುವ ನೈಟ್ರೇಟ್ ಎಂಬ ಲವಣ ತೆಗೆಯುತ್ತಿದ್ದವು, 1960ರ ಹೊತ್ತಿಗೆ ಮುಚ್ಚಿದವು. 1970ರಲ್ಲಿ ಸ್ಮಾರಕ ಎಂಬ ಘೋಷಣೆಯೂ ಆಯಿತು. ಆದರೆ ಘೋಷಣೆ ಕಾವಲು ಕಾಯುವುದಿಲ್ಲ. ಮರ, ತಗಡು, ಲೋಹ ಕಳುವಾಗುತ್ತಲೇ ಹೋದವು. 2002ರಲ್ಲಿ ನೈಟ್ರೇಟ್ ಮ್ಯೂಸಿಯಂ ನಿಗಮ ಎಂಬ ಲಾಭವಿಲ್ಲದ ಸಂಸ್ಥೆ ಹರಾಜಿನಲ್ಲಿ ಜಾಗ ಕೊಂಡಿತು. 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ, ಅದೇ ಹೊತ್ತಿಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಅಪಾಯದ ಪಟ್ಟಿಯಿಂದ ಹೊರಬರಲು 2019 ಆಗಬೇಕಾಯಿತು. ಅಂದಹಾಗೆ, ವಿಶ್ವ ಪರಂಪರೆ ಎಂದರೆ ಯುನೆಸ್ಕೊ ದುಡ್ಡು ಕಳಿಸುತ್ತದೆ ಎಂದು ನಂಬಿದವರು ಬಹಳ ಇದ್ದಾರೆ. ಅವರ ನಿಧಿ ತೀರಾ ಚಿಕ್ಕದು. ಪಟ್ಟಿಯಿಂದ ಹೆಸರು ಬರುತ್ತದೆ, ಹೆಸರಿನಿಂದ ಬೇರೆ ಕಡೆ ಹಣ ಕೇಳಲು ಅನುಕೂಲ. ಅಷ್ಟೇ.

ದೊಡ್ಡ ಹಣ ಹೇಗೆ ಬರುತ್ತದೆ ಎಂದು ತಿಳಿಯಲು ಇಂಗ್ಲೆಂಡಿನ ಶ್ರೂಸ್‌ಬರಿ ಫ್ಲ್ಯಾಕ್ಸ್‌ಮಿಲ್ ಎಂಬ ಅಗಸೆ ನಾರಿನ ಗಿರಣಿ ನೋಡಿ. 1797ರಲ್ಲಿ ಕಟ್ಟಿದ್ದು. ಒಳಗೆ ಕಬ್ಬಿಣದ ಚೌಕಟ್ಟು ಇರುವ ಜಗತ್ತಿನ ಮೊದಲ ಕಟ್ಟಡ, ಇವತ್ತಿನ ಗಗನಚುಂಬಿಗಳ ಮೂಲ ಪುರುಷ. 1987ರಲ್ಲಿ ಬೀಗ ಬಿತ್ತು. 2005ರಲ್ಲಿ ಸರ್ಕಾರಿ ಪರಂಪರೆ ಸಂಸ್ಥೆ ಕೊಂಡಿತು. ಜನರಿಗೆ ತೆರೆದದ್ದು 2022ರಲ್ಲಿ. ಕೊನೆಯ ಹಂತದ ಯೋಜನೆಗೆ 2.8 ಕೋಟಿ ಪೌಂಡ್, ಅದರಲ್ಲಿ 2 ಕೋಟಿಗೂ ಹೆಚ್ಚು, ರಾಷ್ಟ್ರೀಯ ಲಾಟರಿಯ ಹಣ ಹಂಚುವ ಪರಂಪರೆ ನಿಧಿಯದ್ದು. ಈ ನಿಧಿ ದೊಡ್ಡ ಮೊತ್ತಗಳನ್ನು ಎರಡು ಹಂತದಲ್ಲಿ ಕೊಡುತ್ತದೆ. ಮೊದಲು ಯೋಜನೆ ರೂಪಿಸಲು, ನಕ್ಷೆ, ಪರೀಕ್ಷೆ, ವ್ಯವಹಾರದ ಲೆಕ್ಕ ತಯಾರಿಸಲು ಸ್ವಲ್ಪ. ಅದು ಸರಿ ಎನಿಸಿದರೆ ಕೆಲಸಕ್ಕೆ ಉಳಿದದ್ದು. ಅಲ್ಲೂ ಅಷ್ಟೇ, ಮೊದಲ ದುಡ್ಡು ಹೋಗುವುದು ಕಾಗದಕ್ಕೆ.

ಹಣ ಎಲ್ಲಿಂದ ಬರುತ್ತದೆ ಎಂದು ಮೊದಲೇ ಊಹಿಸುವುದೂ ಕಷ್ಟ. 1779ರ ಐರನ್ ಬ್ರಿಜ್ ಗೊತ್ತಲ್ಲ, ಇಂಗ್ಲೆಂಡಿನ ಸೆವರ್ನ್ ನದಿಯ ಮೇಲಿನ ಎರಕದ ಕಬ್ಬಿಣದ ಸೇತುವೆ. 2017-18ರಲ್ಲಿ ಅದರ ದುರಸ್ತಿಗೆ 36 ಲಕ್ಷ ಪೌಂಡ್ ಖರ್ಚಾಯಿತು. 10 ಲಕ್ಷ ಯೂರೊ ಕೊಟ್ಟದ್ದು ಜರ್ಮನಿಯ ಹರ್ಮನ್ ರೀಮ್ಟ್ಸ್ಮಾ ಫೌಂಡೇಷನ್. ಜೊತೆಗೆ ಜನರಿಂದಲೂ ಚಂದಾ ಎತ್ತಿದರು. ಚಂದಾದಿಂದ ಬಂದದ್ದು ಒಟ್ಟು ಖರ್ಚಿನ ಸಣ್ಣ ತುಣುಕು. ನನ್ನ ಪ್ರಕಾರ ಜನರ ಚಂದಾ ದುಡ್ಡಿಗಿಂತ ಜಾಸ್ತಿ ಸಾಕ್ಷಿ. 'ಇಷ್ಟು ಜನಕ್ಕೆ ಇದು ಬೇಕು' ಎಂದು ದೊಡ್ಡ ದಾನಿಗೆ ತೋರಿಸಲು ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಗಿರಣಿಯ ಸೂರು ಅದರಿಂದ ಏಳುವುದಿಲ್ಲ.

ಒಂದು ಎಚ್ಚರಿಕೆ. ವಿಷ. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಶುರು ಮಾಡಿದ, ಇಂಗ್ಲೆಂಡಿನ ಕ್ರೋಮ್‌ಫರ್ಡ್ ಹತ್ತಿ ನೂಲಿನ ಗಿರಣಿಯಲ್ಲಿ ಆಮೇಲೆ ಬಣ್ಣ ತಯಾರಿಸುವ ಕಂಪನಿ ಇತ್ತು. 1979ರಲ್ಲಿ ಆರ್ಕ್‌ರೈಟ್ ಸೊಸೈಟಿ ಕೊಂಡಾಗ ಕಟ್ಟಡಗಳ ಜೊತೆಗೆ ಸೀಸದ ಕ್ರೋಮೇಟ್ ಅಂಟಿದ ಗೋಡೆ, ಮಣ್ಣೂ ಬಂದವು. ಅದನ್ನು ತೆಗೆಯುವ ಕೆಲಸ ವರ್ಷಗಟ್ಟಲೆ ಎಳೆಯಿತು. ನಿಮ್ಮ ಬಾಯ್ಲರ್ ಮನೆಯಲ್ಲಿ ಪೈಪಿನ ಸುತ್ತ ಬಿಳಿ ಸುತ್ತು ಇದ್ದರೆ ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಕೈ ಹಾಕಬೇಡಿ, ಗುಡಿಸಲೂ ಬೇಡಿ. ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನೂ ಪರೀಕ್ಷೆ ಮಾಡಿಸಿ. ಈ ಪರೀಕ್ಷೆಯ ವರದಿ ಇಲ್ಲದೆ ಯಾರಾದರೂ ಗಿರಣಿಯನ್ನು ನಿಮಗೆ ದಾನ ಕೊಡುತ್ತೇನೆ ಎಂದರೆ ಕೈ ಚಾಚಬೇಡಿ. ಆಸ್ತಿಯ ಜೊತೆ ಹೊಣೆಯೂ ನಿಮ್ಮ ಹೆಸರಿಗೆ ಬರುತ್ತದೆ.

ಆದರೆ ಇದೇ ವಿಷಯ ನಿಮ್ಮ ಪರವಾಗಿಯೂ ತಿರುಗುತ್ತದೆ. ದೊಡ್ಡ ಕಾರ್ಖಾನೆ ಕೆಡವುವುದು ಅಗ್ಗವಲ್ಲ. ಚಿಮಣಿ ಇಳಿಸಬೇಕು, ಕಲ್ನಾರು ತೆಗೆಯಬೇಕು, ಅವಶೇಷ ಸಾಗಿಸಬೇಕು. ಜರ್ಮನಿಯ ರೂರ್ ಕಣಿವೆಯಲ್ಲಿ ಈ ಲೆಕ್ಕ ದೊಡ್ಡ ಕೆಲಸ ಮಾಡಿತು. ಡುಯಿಸ್‌ಬರ್ಗಿನಲ್ಲಿ 1985ರಲ್ಲಿ ಆರಿದ ಕಬ್ಬಿಣದ ಕಾರ್ಖಾನೆಯನ್ನು ಕೆಡವದೆ, ಪೀಟರ್ ಲಾಟ್ಸ್ ಎಂಬ ವಿನ್ಯಾಸಕಾರರ ಯೋಜನೆಯಂತೆ ಹಾಗೇ ಉದ್ಯಾನ ಮಾಡಿದರು. 1995ರಲ್ಲಿ ರಾಜ್ಯ ಸರ್ಕಾರ ಮತ್ತು ಕಲ್ಲಿದ್ದಲು ಕಂಪನಿ ಸೇರಿ ಒಂದು ಫೌಂಡೇಷನ್ ಕಟ್ಟಿದವು. ಮುಚ್ಚಿದ ಗಣಿ, ಕಲ್ಲಿದ್ದಲಿನಿಂದ ಕೋಕ್ ಇಂಧನ ಮಾಡುತ್ತಿದ್ದ ಘಟಕಗಳು ಅದರ ಸುಪರ್ದಿಗೆ ಹೋದವು. ಏನೂ ಮಾಡದೇ ಇರಲು ಅವಕಾಶ ಸಿಕ್ಕಿತು ಎಂಬುದೇ ಇದರ ದೊಡ್ಡ ಲಾಭ. ಜಾಗವನ್ನು ಸುರಕ್ಷಿತವಾಗಿಟ್ಟು, ಒಳ್ಳೆಯ ಉಪಯೋಗ ಸಿಗುವ ತನಕ ಕಾಯುವುದು. ನಿಮ್ಮ ಮಾಲೀಕರ ಮುಂದೆ ಕೂತಾಗ ಉಳಿಸುವ ಖರ್ಚು ಹೇಳುವ ಮೊದಲು ಕೆಡವುವ ಖರ್ಚಿನ ಅಂದಾಜು ತರಿಸಿ ಇಡಿ.

ಕಟ್ಟಡ ಉಳಿದರೂ ಪ್ರತಿ ವರ್ಷದ ಖರ್ಚು ಉಳಿಯುತ್ತದೆ. ದುರಸ್ತಿಗೆ ಹಣ ಕೊಡುವವರು ಸಿಗುತ್ತಾರೆ, ಕರೆಂಟ್ ಬಿಲ್ಲಿಗೆ ಯಾರೂ ಕೊಡುವುದಿಲ್ಲ. ಎಲ್ಲರ ಬಾಯಲ್ಲೂ ಮೊದಲು ಬರುವುದು ಮ್ಯೂಸಿಯಂ. ಟಿಕೆಟ್ ದುಡ್ಡಿನ ಮೇಲೆ ನಿಂತ ಗಿರಣಿ ಮ್ಯೂಸಿಯಂ ಬಹಳ ಕಡಿಮೆ. ಟೊಮಿಯೊಕಾದಲ್ಲೂ ಪಟ್ಟಿ ಸೇರಿದ ವರ್ಷ ಜನ ಮುಗಿಬಿದ್ದರು, ಆಮೇಲಿನ ವರ್ಷಗಳಲ್ಲಿ ಸಂಖ್ಯೆ ಇಳಿಯಿತು. ನನಗೆ ಇಷ್ಟವಾದ ಮಾದರಿ ಸ್ವೀಡನ್ನಿನ ಫಾಲುನ್ ತಾಮ್ರದ ಗಣಿ. 1992ರಲ್ಲಿ ಗಣಿ ನಿಂತಿತು. ಆದರೆ ಶತಮಾನಗಳಿಂದ ಬಿದ್ದಿದ್ದ ಗಣಿಯ ತ್ಯಾಜ್ಯದಿಂದ ಕೆಂಪು ಬಣ್ಣ ಮಾಡುತ್ತಾರೆ. ಸ್ವೀಡನ್ನಿನ ಹಳ್ಳಿಮನೆಗಳಿಗೆ ಬಳಿಯುವ ಕೆಂಪು ಅದೇ. ಆ ಬಣ್ಣದ ವ್ಯಾಪಾರ ಗಣಿಯನ್ನು ನೋಡಿಕೊಳ್ಳುವ ಫೌಂಡೇಷನ್ನಿನ ಕೈಯಲ್ಲಿದೆ, ಅದರ ಗಳಿಕೆ ಗಣಿಯ ನಿರ್ವಹಣೆಗೆ ಹೋಗುತ್ತದೆ. ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್‌ನಲ್ಲಿ ಒಂದು ಗಿರಣಿ ಹೋಟೆಲ್ ಆಗಿದೆ, ಕಾರ್ಮಿಕರ ಹಳೆಯ ಸಾಲುಮನೆಗಳಲ್ಲಿ ಜನ ವಾಸಿಸುತ್ತಾರೆ, ಹಿಂದೆ ಗಿರಣಿ ಓಡಿಸುತ್ತಿದ್ದ ನದಿಯ ನೀರಿನಿಂದಲೇ ವಿದ್ಯುತ್ ತಯಾರಾಗುತ್ತದೆ. ಗಿರಣಿಗೆ ತನ್ನದೇ ಆದ ಏನಿದೆ, ನೀರೋ, ನೆರಳೋ, ಗೋದಾಮಿನ ಜಾಗವೋ, ಅದನ್ನು ಹುಡುಕಿ.

ಪೂರ್ತಿ ಖಾಸಗಿ ಬಂಡವಾಳಕ್ಕೆ ಬಿಟ್ಟರೆ ಏನಾಗುತ್ತದೆ? ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಕೇಂದ್ರ 1983ರಲ್ಲಿ ನಿಂತಿತು. ಮನರಂಜನಾ ಪಾರ್ಕ್ ಮಾಡುತ್ತೇವೆ ಎಂದು ಬಂದವರು ಯಂತ್ರ ಹೊರತೆಗೆಯಲು ಸೂರು ಕಿತ್ತರು. ದುಡ್ಡು ಖಾಲಿಯಾಯಿತು, 1989ರಲ್ಲಿ ಕೆಲಸ ನಿಂತಿತು. ಮುಂದೆ ಎಷ್ಟೋ ವರ್ಷ ಮಳೆ ನೇರ ಒಳಗೆ ಬಿತ್ತು. 2022ರಲ್ಲಿ ಅಂಗಡಿ, ಆಫೀಸು, ಫ್ಲ್ಯಾಟುಗಳಾಗಿ ತೆರೆಯಿತು. ನಾಲ್ಕು ಚಿಮಣಿಗಳನ್ನು ಇಳಿಸಿ ಹೊಸದಾಗಿ ಕಟ್ಟಿದ್ದಾರೆ. ಗೋಡೆ ಉಳಿಯಿತು, ನಿಯಂತ್ರಣ ಕೊಠಡಿಗಳು ಉಳಿದವು, ಟರ್ಬೈನುಗಳು ಹೋದವು. ಇದನ್ನು ಸೋಲು ಅನ್ನುವವರೂ ಇದ್ದಾರೆ. ನಾನು ಅಷ್ಟು ಕಠಿಣವಾಗಿ ಹೇಳುವುದಿಲ್ಲ, ಕಟ್ಟಡ ನಿಂತಿದೆಯಲ್ಲ. ಆದರೆ ನಿಮಗೆ ಬೇಕಾದದ್ದು ಗೋಡೆಯೋ, ಗೋಡೆಯೊಳಗಿನ ಕೆಲಸದ ಕಥೆಯೋ ಎಂದು ಹೂಡಿಕೆದಾರರು ಬರುವ ಮೊದಲೇ ನಿಮ್ಮೊಳಗೆ ತೀರ್ಮಾನ ಮಾಡಿಕೊಳ್ಳಿ.

ಕೊನೆಗೆ ಎಂಜಿನ್. ಕಿತ್ತು ಪಾರ್ಕಿನಲ್ಲಿಡುವ ಯೋಚನೆ ನನಗೆ ಹಿಡಿಸುವುದಿಲ್ಲ. ನಿಜ್ನಿ ತಗಿಲ್ ಸನ್ನದು ಕೂಡ ಇದ್ದ ಜಾಗದಲ್ಲೇ ಉಳಿಸುವುದಕ್ಕೆ ಮೊದಲ ಆದ್ಯತೆ ಕೊಡುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಸಾಗಿಸಬಹುದು ಎನ್ನುತ್ತದೆ. ಬಾಯ್ಲರ್, ಪೈಪು, ಹಗ್ಗದ ಓಣಿ ಇಲ್ಲದ ಎಂಜಿನ್ ನೋಡಿದವರಿಗೆ ಅದು ಏನು ಮಾಡುತ್ತಿತ್ತು ಎಂದೇ ತಿಳಿಯುವುದಿಲ್ಲ. ಬಯಲಿನಲ್ಲಿಟ್ಟರೆ ಕೆಲವೇ ಮಳೆಗಾಲದಲ್ಲಿ ಸಿಲಿಂಡರ್ ಒಳಗೆ ತುಕ್ಕು ಹಿಡಿದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆದರೂ ಗಿರಣಿ ಹೋಗುವುದು ಖಚಿತವಾದರೆ ಗುಜರಿಗಿಂತ ಪಾರ್ಕ್ ವಾಸಿ, ಒಪ್ಪುತ್ತೇನೆ. ಆಗ ಮೂರು ಷರತ್ತು ಹಾಕಿ. ಬಿಚ್ಚುವ ಮೊದಲು ಅದು ಇರುವ ಜಾಗದಲ್ಲೇ ಪೂರ್ತಿ ಅಳತೆ, ಫೋಟೋ ಆಗಬೇಕು. ಬಿಚ್ಚಿದ ಒಂದೊಂದು ಭಾಗಕ್ಕೂ ಲೋಹದ ಚೀಟಿ ಕಟ್ಟಿ ನಂಬರ್ ಹಾಕಬೇಕು, ಆ ನಂಬರ್ ನಕ್ಷೆಯಲ್ಲಿ ಇರಬೇಕು. ಪಾರ್ಕಿನವರು ಸೂರು ಕಟ್ಟಿಕೊಡಲು, ವರ್ಷವರ್ಷ ಎಣ್ಣೆ ಹಾಕಿಸಲು ಬರವಣಿಗೆಯಲ್ಲಿ ಒಪ್ಪಬೇಕು. ಮಾಲೀಕರಿಂದ ಕೇಳುವ ಅನುಮತಿ ಪತ್ರದಲ್ಲಿ ಈ ಎಂಜಿನ್ನಿನ ಹೆಸರನ್ನು ಬೇರೆಯಾಗಿಯೇ ಬರೆಸಿ. ಜಾಗ ಮಾರುವಾಗ 'ಯಂತ್ರಸಹಿತ' ಎಂದು ಕ್ರಯಪತ್ರ ಆಗಿಬಿಟ್ಟರೆ ಹಳೆಯ ಮಾಲೀಕರ ಮಾತಿಗೆ ಬೆಲೆ ಇರುವುದಿಲ್ಲ.